ನಂಬುವುದು ಬೇರೆ, ಒಪ್ಪುವುದು ಬೇರೆ

ಮಾನ್ಯ ಸಂಪಾದಕರೇ,

ದೇವರನ್ನು ನಂಬುವವರು ಜೀವವಿಕಾಸವನ್ನು ಒಪ್ಪಬಹುದೇ ಎಂಬ ವಿಷಯವಾಗಿ ನಿಮ್ಮ ಓದುಗರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಮೊದಲಿನಿಂದಲೂ ಓದುತ್ತಿದ್ದೇನೆ. ಡಾರ್ವಿನ್‌ನನ್ನು ಒಪ್ಪಿದರೆ ದೇವರನ್ನು ಬಿಟ್ಟಂತೆಯೇ ಎಂದು ಒಬ್ಬ ಓದುಗರು ನೊಂದು ಬರೆದರು. ದೇವರನ್ನು ಬಿಡದೆ ಡಾರ್ವಿನ್‌ನನ್ನು ಒಪ್ಪುವುದು ಆತ್ಮವಂಚನೆ ಎಂದು ಇನ್ನೊಬ್ಬರು ಖಾರವಾಗಿಯೇ ಉತ್ತರಿಸಿದರು. ಎದುರಾಳಿಗಳಂತೆ ಕಾಣುವ ಈ ಇಬ್ಬರೂ ಹೇಳುತ್ತಿರುವುದು ಒಂದೇ ಮಾತನ್ನು. ಆ ಮಾತು ಸರಿಯಲ್ಲ ಎಂದು ನನಗೆ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ದಕ್ಷಿಣ ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ದೇವರ ಮುಂದೆ ದೀಪ ಹಚ್ಚದೆ ಬೆಳಗಿನ ಕಾಫಿ ಕುಡಿಯದ ಮನೆಯಲ್ಲಿ ಬೆಳೆದವಳು. ಇಂದಿಗೂ ಆ ಕ್ರಮ ಬಿಟ್ಟಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹತ್ತನೇ ತರಗತಿಗೆ ಜೀವವಿಕಾಸದ ಪಾಠ ಮಾಡಿದ ಮಾರನೆಯ ದಿನ, ಒಬ್ಬ ವಿದ್ಯಾರ್ಥಿನಿಯ ತಂದೆ ಮುಖ್ಯೋಪಾಧ್ಯಾಯರ ಕೊಠಡಿಗೆ ಬಂದಿದ್ದರು. ಜಗಳಕ್ಕೆ ಬಂದವರಲ್ಲ. ಮಗಳ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟು, "ಮೇಡಂ, ಮನೆಯಲ್ಲಿ ನಾವು ದೇವರು ಸೃಷ್ಟಿ ಮಾಡಿದ ಅಂತ ಹೇಳಿಕೊಡ್ತೀವಿ, ಇಲ್ಲಿ ನೀವು ಮಂಗನಿಂದ ಮಾನವ ಅಂತ ಹೇಳಿಕೊಡ್ತೀರಿ. ಮಗು ಯಾವುದನ್ನು ನಂಬಬೇಕು, ನೀವೇ ಹೇಳಿ" ಎಂದು ಕೇಳಿದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. "ಪರೀಕ್ಷೆಗೆ ಬರುತ್ತೆ ಸಾರ್, ಅಷ್ಟರ ಮಟ್ಟಿಗೆ ಓದಿಕೊಳ್ಳಲಿ" ಎಂದುಬಿಟ್ಟೆ. ಅವರು ತಲೆಯಾಡಿಸಿ ಹೊರಟುಹೋದರು. ಇನ್ನು ಮುಂದೆ ಆ ಪಾಠವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಡಿ ಎಂದು ನನಗೆ ಸೂಚನೆ ಬಂತು. ಕೆಲವು ವರ್ಷ ನಾನು ಹಾಗೆಯೇ ಮಾಡಿದೆ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಆ ಹುಡುಗಿಗೆ ನಾನು ಪ್ರಾಮಾಣಿಕ ಉತ್ತರ ಕೊಡಲಿಲ್ಲ ಎಂಬ ಕೊರಗು ಇನ್ನೂ ಹೋಗಿಲ್ಲ.

ಆ ತಂದೆಯ ಪ್ರಶ್ನೆಯ ತೊಡಕೆಲ್ಲ 'ನಂಬಬೇಕು' ಎಂಬ ಪದದಲ್ಲಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ನಾವು ತಾಯಿಯನ್ನು ನಂಬುತ್ತೇವೆ, ದೇವರನ್ನು ನಂಬುತ್ತೇವೆ. ಅಲ್ಲಿ ನಂಬುವುದೆಂದರೆ ನಮ್ಮ ಭಾರವನ್ನು ಅವರ ಮೇಲೆ ಹಾಕುವುದು. ಅಂಗಡಿಯವನು ಕೊಟ್ಟ ಲೆಕ್ಕದ ಚೀಟಿಯನ್ನಾದರೆ ಕೂಡಿ ನೋಡುತ್ತೇವೆ, ಸರಿಯಿದ್ದರೆ ಒಪ್ಪುತ್ತೇವೆ, ತಪ್ಪಿದ್ದರೆ ತಿರುಗಿ ಕೊಡುತ್ತೇವೆ. ಜೀವವಿಕಾಸ ಈ ಚೀಟಿಯ ಜಾತಿಗೆ ಸೇರಿದ್ದು. ಅದನ್ನು ಒಪ್ಪಿದವರು, ನಾಳೆ ಯಾರಾದರೂ ಲೆಕ್ಕ ತಪ್ಪಿದೆಯೆಂದು ತೋರಿಸಿಕೊಟ್ಟರೆ, ಕೈಬಿಡಲು ಸಿದ್ಧರಿರಬೇಕು. ದೇವರ ಮೇಲಿನ ನಂಬಿಕೆಯನ್ನು ಆ ಷರತ್ತಿನ ಮೇಲೆ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. 'ವಿಕಾಸವಾದ' ಎಂಬ ನಮ್ಮ ಪಾರಿಭಾಷಿಕ ಪದವೂ ಗೊಂದಲಕ್ಕೆ ಕಾರಣವಾಗಿದೆ. ಅದ್ವೈತವಾದ, ಸಮಾಜವಾದ ಎಂಬ ಸಾಲಿನಲ್ಲಿ ಅದನ್ನು ನಿಲ್ಲಿಸಿದ ಕೂಡಲೇ, ಇದೂ ಯಾರದೋ ಒಂದು ಪಕ್ಷ, ಬೇಕಾದವರು ಹಿಡಿಯಬಹುದು, ಬೇಡದವರು ಬಿಡಬಹುದು ಎಂಬ ಭಾವನೆ ಮೂಡುತ್ತದೆ.

ಒಪ್ಪುವುದಕ್ಕೆ ಆಧಾರವೇನು ಎಂದು ಕೇಳುವವರಿಗೆ ಒಬ್ಬ ಶಿಕ್ಷಕಿಗೆ ಸಹಜವಾದ ಉದಾಹರಣೆಯನ್ನೇ ಕೊಡುತ್ತೇನೆ. ಇಬ್ಬರು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದೇ ಸರಿ ಉತ್ತರವಿದ್ದರೆ ಯಾವ ಶಿಕ್ಷಕರಿಗೂ ಅನುಮಾನ ಬರುವುದಿಲ್ಲ. ಇಬ್ಬರೂ ಒಂದೇ ಪ್ರಶ್ನೆಗೆ, ಒಂದೇ ಸಾಲಿನಲ್ಲಿ, ಒಂದೇ ವಿಚಿತ್ರ ತಪ್ಪು ಬರೆದಿದ್ದರೆ, ಎರಡೂ ಒಂದೇ ಮೂಲದಿಂದ ನಕಲಾಗಿವೆ ಎಂದು ತಕ್ಷಣ ತಿಳಿಯುತ್ತದೆ. ಆಡು, ನಾಯಿ, ಹಸು ಮೊದಲಾದ ಬಹುಪಾಲು ಸಸ್ತನಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ನಮಗೆ ಅದು ಸಾಧ್ಯವಿಲ್ಲ, ಅದಕ್ಕಾಗಿಯೇ ನೆಲ್ಲಿಕಾಯಿ, ನಿಂಬೆಹಣ್ಣು ಬೇಕು. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮಲ್ಲಿ ಇಲ್ಲವೆಂದಲ್ಲ, ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲಿಯೂ ಮಂಗಗಳಲ್ಲಿಯೂ ಅದೇ ಜೀನ್ ಮುರಿದಿದೆ, ನಮ್ಮಲ್ಲಿ ಕಳೆದುಹೋಗಿರುವ ತುಂಡುಗಳೇ ಅಲ್ಲಿಯೂ ಕಳೆದುಹೋಗಿವೆ. ಗಿನಿಯಿಲಿಗೂ ಈ ಶಕ್ತಿ ಇಲ್ಲ. ಆದರೆ ಅದರ ಜೀನ್ ಮುರಿದಿರುವ ಬಗೆ ಬೇರೆ, ಅಂದರೆ ಅದು ಬೇರೆ ಸಂದರ್ಭದಲ್ಲಿ ತಾನಾಗಿಯೇ ಮಾಡಿದ ತಪ್ಪು. ಈ ಹೋಲಿಕೆಯನ್ನು ತರಗತಿಯಲ್ಲಿ ಹೇಳಿದಾಗ, ಒಮ್ಮೆಯಾದರೂ ಪಕ್ಕದವರ ಪತ್ರಿಕೆ ನೋಡಿ ಬರೆದಿದ್ದ ಮಕ್ಕಳಿಗೆ ವಿಷಯ ಎಲ್ಲರಿಗಿಂತ ಮೊದಲು ಅರ್ಥವಾಗುತ್ತಿತ್ತು.

ನಾವು ಇಂದಿನ ಮಂಗಗಳಿಂದ ಹುಟ್ಟಿದವರಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು, ಮಂಗಗಳೊಂದಿಗಿನ ನಂಟು ಅದಕ್ಕಿಂತ ಬಹಳ ಹಳೆಯದು. ಆಂಜನೇಯನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವ ನಮಗೆ ಈ ನಂಟು ಅವಮಾನವೆಂದು ಏಕೆ ಅನ್ನಿಸಬೇಕು ಎಂಬುದು ನನಗೆ ಎಂದೂ ಅರ್ಥವಾಗಿಲ್ಲ.

ಜೀವಿ ಬದಲಾಗುವುದನ್ನು ಕಣ್ಣಾರೆ ಕಂಡವರು ಯಾರು ಎಂಬ ಪ್ರಶ್ನೆಯೂ ನಿಮ್ಮ ಅಂಕಣದಲ್ಲಿ ಬಂದಿದೆ. 2018ರ ಜನವರಿಯಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವರೊಬ್ಬರು ಇದೇ ಮಾತನ್ನು ಆಡಿದಾಗ, ದೇಶದ 3 ವಿಜ್ಞಾನ ಅಕಾಡೆಮಿಗಳು, ಅವುಗಳಲ್ಲಿ ಒಂದು 1934ರಲ್ಲಿ ಸಿ.ವಿ. ರಾಮನ್ ಅವರು ನಮ್ಮ ಊರಿನಲ್ಲೇ ಸ್ಥಾಪಿಸಿದ್ದು, ಜಂಟಿ ಹೇಳಿಕೆ ಕೊಟ್ಟು ಅದನ್ನು ತಿದ್ದಿದವು. ನಾನು ಮಾತ್ರ ಮಕ್ಕಳನ್ನು ಕಡಲೆಕಾಯಿ ಪರಿಷೆಯ ಕಡೆಗೆ ಕಳಿಸುತ್ತಿದ್ದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ರಸ್ತೆಯುದ್ದಕ್ಕೂ ರಾಶಿ ಹಾಕುವ ಕಡಲೆಕಾಯಿ ದಕ್ಷಿಣ ಅಮೆರಿಕದ ಗಿಡ. ಇಂದಿನ ಬೊಲಿವಿಯಾ ಮತ್ತು ಅರ್ಜೆಂಟೀನಾದ ಸೀಮೆಯಲ್ಲಿ, ಸುಮಾರು 10 ಸಾವಿರ ವರ್ಷಗಳ ಹಿಂದೆ, ತಲಾ 20 ವರ್ಣತಂತುಗಳಿದ್ದ (ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಈ ಹೆಸರು) ಎರಡು ಕಾಡು ಗಿಡಗಳು ಬೆರೆತು, ಆ ಬೆರಕೆಯಲ್ಲಿ ವರ್ಣತಂತುಗಳು ಇಮ್ಮಡಿಯಾಗಿ, 40 ವರ್ಣತಂತುಗಳ ಹೊಸ ಪ್ರಭೇದವೊಂದು ಹುಟ್ಟಿತು. ಅದೇ ನಮ್ಮ ಕಡಲೆಕಾಯಿ. ವಿಜ್ಞಾನಿಗಳು ಆ ಎರಡು ಕಾಡು ಗಿಡಗಳನ್ನೇ ಮತ್ತೆ ಕೂಡಿಸಿ, ಕಡಲೆಕಾಯಿಯೊಂದಿಗೆ ತಳಿ ಬೆರೆಸಬಹುದಾದ ಗಿಡವನ್ನು ಪಡೆದು, ಈ ಹುಟ್ಟನ್ನು ಕಣ್ಣೆದುರಿಗೇ ತೋರಿಸಿಕೊಟ್ಟಿದ್ದಾರೆ. ಪ್ರತಿ ವರ್ಷ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ದೊಡ್ಡ ಬಸವಣ್ಣನಿಗೆ ಒಪ್ಪಿಸುವಾಗ ಈ ತಿಳಿವಳಿಕೆಯಿಂದ ನನ್ನ ಭಕ್ತಿಗೆ ಯಾವ ಕುಂದೂ ಬಂದಿಲ್ಲ.

ಇನ್ನು ದಶಾವತಾರದ ಮಾತು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ಕ್ರಮದಲ್ಲಿ ಡಾರ್ವಿನ್ ಹೇಳಿದ್ದೆಲ್ಲ ಮೊದಲೇ ಇದೆ ಎಂದು ಓದುಗರೊಬ್ಬರು ಸಮಾಧಾನಪಟ್ಟಿದ್ದಾರೆ. ಈ ಸಮಾಧಾನ ನನಗೆ ಬೇಡ, ಅದು ಎರಡು ಕಡೆಯೂ ನಷ್ಟ. ಮೀನಿನ ಅವತಾರದಿಂದ ಆಮೆಯ ಅವತಾರ ಹುಟ್ಟಿತೆಂದು ಯಾವ ಪುರಾಣವೂ ಹೇಳುವುದಿಲ್ಲ; ಪ್ರತಿ ಅವತಾರದಲ್ಲಿಯೂ ಇಳಿದು ಬರುವವನು ಅವನೇ, ಬರುವುದು ಸಂಕಟದಲ್ಲಿರುವವರನ್ನು ಕಾಯುವುದಕ್ಕೆ. ಜೀವವಿಕಾಸವಾದರೋ ಏಣಿಯಲ್ಲ, ಕವಲೊಡೆಯುತ್ತ ಹೋಗುವ ಮರ. ಅದರಲ್ಲಿ ಮೀನು ಕೆಳಗಿನ ಮೆಟ್ಟಿಲೂ ಅಲ್ಲ, ಮನುಷ್ಯ ಮೇಲಿನ ಮೆಟ್ಟಿಲೂ ಅಲ್ಲ. ಎರಡನ್ನೂ ಬಲವಂತವಾಗಿ ಒಂದು ಮಾಡಿದರೆ ಪುರಾಣ ಕೆಟ್ಟ ವಿಜ್ಞಾನವಾಗುತ್ತದೆ, ಪ್ರಹ್ಲಾದನ ಮೊರೆ ಕೇಳಿ ಕಂಬ ಒಡೆದು ಬಂದ ನರಸಿಂಹ ಬರೀ ಒಂದು ನಡುಹಂತದ ಪ್ರಾಣಿಯಾಗಿಬಿಡುತ್ತಾನೆ. ಆ ನರಸಿಂಹನನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ.

ಹಾಗಾದರೆ ಇವೆರಡರ ನಡುವೆ ಯಾವ ತಿಕ್ಕಾಟವೂ ಇಲ್ಲವೇ ಎಂದರೆ, ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಆ ತಂದೆಗೆ ಕೊಟ್ಟ ಉತ್ತರವನ್ನೇ ಮತ್ತೆ ಕೊಟ್ಟಂತಾಗುತ್ತದೆ.

ನಮ್ಮ ಶಾಲೆಯ ಪ್ರಯೋಗಾಲಯದ ಕಿಟಕಿಯ ಚೌಕಟ್ಟಿನಲ್ಲಿ ಕಡಜವೊಂದು ಗೋಲಿ ಗಾತ್ರದ ಪುಟ್ಟ ಮಣ್ಣಿನ ಗಡಿಗೆಗಳನ್ನು ಕಟ್ಟುತ್ತಿತ್ತು. ಈ ಹುಳವನ್ನು ನಮ್ಮ ಹಿರಿಯರೂ ಗಮನಿಸಿದ್ದರು. ಅದು ಒಂದು ಕೀಟವನ್ನು ಹಿಡಿದು ತಂದು ಗೂಡಿನಲ್ಲಿ ಕೂಡಿಹಾಕುತ್ತದೆ. ಕೂಡಿಹಾಕಿದ ಕೀಟ ಹಗಲಿರುಳೂ ಅದನ್ನೇ ಧ್ಯಾನಿಸುತ್ತ ಕೊನೆಗೆ ತಾನೂ ಅದೇ ಆಗಿ ಹಾರಿ ಹೊರಬರುತ್ತದೆ ಎಂದು ಅವರು ತಿಳಿದಿದ್ದರು. ಇದೇ ಭ್ರಮರಕೀಟ ನ್ಯಾಯ. ಶಿವನನ್ನು ನೆನೆಯುತ್ತ ಭಕ್ತ ಶಿವನೇ ಆಗುವುದಕ್ಕೆ ವಚನಕಾರರು ಈ ಹೋಲಿಕೆಯನ್ನು ಬಳಸಿದ್ದಾರೆ. ಭಾಗವತದಲ್ಲಿ ಅವಧೂತನು ಎಣಿಸುವ 24 ಗುರುಗಳಲ್ಲಿ ಈ ಕಡಜವೂ ಒಂದು. ನನ್ನ ಅಜ್ಜಿ ಈ ಕಥೆಯನ್ನು ಹೇಳುವಾಗ ಅವರ ಕಣ್ಣು ತುಂಬಿ ಬರುತ್ತಿತ್ತು.

ಒಂದು ವರ್ಷ ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ನಾವು ಅಂಥ ಗಡಿಗೆಯೊಂದನ್ನು ಬ್ಲೇಡಿನಿಂದ ಮೆಲ್ಲಗೆ ಕೊರೆದು ನೋಡಿದೆವು. ಒಳಗೆ ಏಳು ಹಸಿರು ಹುಳುಗಳು ಒತ್ತೊತ್ತಾಗಿ ಸುರುಳಿ ಸುತ್ತಿ ಬಿದ್ದಿದ್ದವು. ಸತ್ತಿರಲಿಲ್ಲ, ಸೂಜಿಯ ತುದಿಯಿಂದ ಮುಟ್ಟಿದರೆ ಒಂದೆರಡು ಕಾಲು ಅಲುಗುತ್ತಿದ್ದವು, ಮೈ ಮಾತ್ರ ಏಳುತ್ತಿರಲಿಲ್ಲ. ಮೇಲ್ಗಡೆಯಿಂದ ಕೂದಲೆಳೆಯಂಥ ದಾರದಲ್ಲಿ ಬಿಳಿಯ ಮೊಟ್ಟೆಯೊಂದು ತೂಗುತ್ತಿತ್ತು. ಕಡಜ ಕುಟುಕಿ ಹುಳುಗಳ ಮೈಯನ್ನು ನಿಶ್ಚೇಷ್ಟಗೊಳಿಸಿರುತ್ತದೆ, ಕೊಂದಿರುವುದಿಲ್ಲ, ಏಕೆಂದರೆ ಸತ್ತರೆ ಕೊಳೆತುಹೋಗುತ್ತವೆ. ಮೊಟ್ಟೆಯಿಂದ ಹೊರಬಂದ ಮರಿ ಅವುಗಳನ್ನು ಒಂದೊಂದಾಗಿ ಜೀವಂತ ತಿಂದು ಬೆಳೆಯುತ್ತದೆ. ನಾವು ಒಡೆಯದೆ ಬಾಟಲಿಯಲ್ಲಿಟ್ಟಿದ್ದ ಇನ್ನೊಂದು ಗಡಿಗೆಗೆ ಕೆಲವು ವಾರಗಳಲ್ಲಿ ದುಂಡಗಿನ ತೂತು ಬಿದ್ದು ಹೊಸ ಕಡಜ ಹೊರಬಂತು. ಹಿರಿಯರು ಕಂಡದ್ದು ಸುಳ್ಳಲ್ಲ, ಹುಳು ಒಳಹೋದದ್ದೂ ನಿಜ, ಕಡಜ ಹೊರಬಂದದ್ದೂ ನಿಜ. ನಡುವೆ ಗೋಡೆಯೊಳಗೆ ಏನಾಯಿತು ಎಂಬುದು ಮಾತ್ರ ಅವರಿಗೆ ಕಾಣಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಅದಕ್ಕೆ ನೋವಾಗುತ್ತಾ?" ಎಂದು ಕೇಳಿದಳು.

ಆ ಪ್ರಶ್ನೆಯೇ ಡಾರ್ವಿನ್‌ನನ್ನೂ ಕಾಡಿತ್ತು. ಕೇಂಬ್ರಿಜ್‌ನಲ್ಲಿ ಪಾದ್ರಿಯಾಗಲು ಓದಿದ್ದ ಅವನು, 1851ರಲ್ಲಿ 10 ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡಿದ್ದ. 1859ರಲ್ಲಿ ಅವನ ಪುಸ್ತಕ ಹೊರಬಂದ ಮರುವರ್ಷ, ದೈವಭಕ್ತನಾಗಿದ್ದ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಪತ್ರ ಬರೆಯುತ್ತ, ಕಂಬಳಿಹುಳುವಿನ ಮೈಯೊಳಗಿದ್ದುಕೊಂಡು ಅದನ್ನು ಜೀವಂತ ತಿನ್ನುವ ಇಂಥದೇ ಕಡಜಗಳನ್ನು ಕರುಣಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ಒಪ್ಪಲು ತನ್ನಿಂದಾಗದು ಎಂದು ತೋಡಿಕೊಂಡ. ಅವನು ಎತ್ತಿದ ಆಕ್ಷೇಪ, ಪ್ರತಿಯೊಂದು ಜೀವಿಯನ್ನೂ ಬಿಡಿಬಿಡಿಯಾಗಿ ಕುಳಿತು ರೂಪಿಸಿದ ಕುಶಲಕರ್ಮಿ ದೇವರ ಮೇಲೆ ನೇರವಾಗಿ ಬೀಳುತ್ತದೆ. ಅಂಥ ದೇವರು ಆ ವಿಷವನ್ನೂ, ಅದು ಕೊಲ್ಲದೆ ಬರೀ ಮರಗಟ್ಟಿಸುವಷ್ಟೇ ಇರುವಂತೆ ಅಳೆದು ಇಟ್ಟದ್ದನ್ನೂ ಸಮರ್ಥಿಸಿಕೊಳ್ಳಬೇಕಾಗುತ್ತದೆ. ಜೀವವಿಕಾಸವನ್ನು ಒಪ್ಪಿದ ಆಸ್ತಿಕರು ಬಿಟ್ಟುಕೊಡಬೇಕಾದದ್ದು ಈ ಕುಶಲಕರ್ಮಿಯನ್ನು. ಬಿಟ್ಟುಕೊಡುವುದು ಸುಲಭವಲ್ಲ, ನನಗೂ ಸುಲಭವಾಗಿರಲಿಲ್ಲ.

ಬಿಟ್ಟುಕೊಟ್ಟ ಮೇಲೂ ನೋವಿನ ಪ್ರಶ್ನೆ ಉಳಿಯುತ್ತದೆ. ಅದು ಡಾರ್ವಿನ್‌ಗಿಂತ ಬಹಳ ಹಳೆಯದು. ಆ ಹುಳು ಪೂರ್ವಜನ್ಮದ ಕರ್ಮವನ್ನು ಅನುಭವಿಸುತ್ತಿದೆ ಎಂದು ಮಗುವಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ನನಗೆ ಅಂದು ದೊಡ್ಡದಾಗಿ ಕಂಡದ್ದು, ತನಗೆ ಯಾವ ಸಂಬಂಧವೂ ಇಲ್ಲದ ಒಂದು ಹುಳುವಿಗಾಗಿ ಆ ಹುಡುಗಿ ಮರುಗಿದ್ದು. ಆ ಮರುಕವೂ ಮರಿಗಳನ್ನು ಪೊರೆಯುತ್ತ, ಗುಂಪಿನಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ಬಂದ ಪ್ರಾಣಿಗಳಿಂದಲೇ ನಮಗೆ ಬಂದಿರಬೇಕು. ಹಾಗೆ ಒಪ್ಪಿದರೂ ಅದರಲ್ಲಿ ನಾನು ದೇವರನ್ನು ಕಾಣುವುದಕ್ಕೆ ಅಡ್ಡಿಯಿಲ್ಲ. ತಾಯಿಯ ಹಾಲು ಹೇಗೆ ಉತ್ಪತ್ತಿಯಾಗುತ್ತದೆ ಎಂದು ಪಾಠ ಮಾಡಿದವಳು ನಾನೇ. ಅದರಿಂದ ತಾಯಿಯ ಪ್ರೀತಿ ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಭ್ರಮರಕೀಟ ನ್ಯಾಯವನ್ನು ಇಂದಿಗೂ ನಾನು ಮೊಮ್ಮಕ್ಕಳಿಗೆ ಹೇಳುತ್ತೇನೆ, ಗಡಿಗೆಯೊಳಗೆ ಕಂಡದ್ದನ್ನೂ ಹೇಳುತ್ತೇನೆ. ಒಂದು ಭಕ್ತಿಯ ಮಾತು, ಇನ್ನೊಂದು ಹುಳುವಿನ ಮಾತು ಎಂದು ತಿಳಿದುಕೊಳ್ಳಲು ಏಳು ವರ್ಷದ ಮಗುವಿಗೂ ಕಷ್ಟವಾಗಲಿಲ್ಲ.

ಕುಶಲಕರ್ಮಿ ದೇವರು ಹೋದರೆ ದೇವರೇ ಹೋದ ಎನ್ನುವವರು ನಮ್ಮ ನಾಡಿನ ಚಿಂತನೆಯನ್ನು ಒಮ್ಮೆ ನೋಡಬೇಕು. ಶಂಕರರಿಗಾಗಲಿ, ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಿಗಾಗಲಿ, ಬ್ರಹ್ಮವು ಮಡಕೆಯಿಂದ ದೂರ ಕುಳಿತ ಕುಂಬಾರನಂತೆ ನಿಮಿತ್ತಕಾರಣ ಮಾತ್ರವಲ್ಲ, ಮಣ್ಣಿನಂತೆ ಉಪಾದಾನಕಾರಣವೂ ಹೌದು. ರಾಮಾನುಜರಿಗಂತೂ ಈ ಜಗತ್ತೇ ಭಗವಂತನ ಶರೀರ. ಮಧ್ವರು ಉಪಾದಾನವನ್ನು ಒಪ್ಪದೆ ನಿಮಿತ್ತಕಾರಣವನ್ನಷ್ಟೇ ಒಪ್ಪಿದರು ಎಂಬುದನ್ನೂ ಇಲ್ಲಿ ಹೇಳಬೇಕು, ಈ ವಿಷಯದಲ್ಲಿ ನಮ್ಮಲ್ಲಿ ಒಂದೇ ಮಾತು ಎಂದೂ ಇರಲಿಲ್ಲ. ಶ್ರವಣಬೆಳಗೊಳದ ಜೈನರು ಸೃಷ್ಟಿಕರ್ತನನ್ನೇ ಒಪ್ಪದೆ ಅಹಿಂಸೆಯನ್ನು ಧರ್ಮದ ತುದಿಗೇರಿಸಿದರು. ಕ್ರೈಸ್ತರಲ್ಲಿಯೂ ಅಷ್ಟೆ: ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಅನುವಂಶೀಯತೆಯ ನಿಯಮಗಳನ್ನು 1866ರಲ್ಲಿ ಪ್ರಕಟಿಸಿ, ಡಾರ್ವಿನ್‌ನ ಸಿದ್ಧಾಂತದಲ್ಲಿ ಇದ್ದ ದೊಡ್ಡ ಕಂದಕವನ್ನು ತುಂಬಲು ದಾರಿಮಾಡಿದ ಮೆಂಡೆಲ್ ಒಬ್ಬ ಕ್ರೈಸ್ತ ಸನ್ಯಾಸಿ. ವಿಕಾಸದ ಬೆಳಕಿಲ್ಲದೆ ಜೀವವಿಜ್ಞಾನದಲ್ಲಿ ಯಾವುದಕ್ಕೂ ಅರ್ಥ ಬರುವುದಿಲ್ಲ ಎಂದು 1973ರಲ್ಲಿ ಬರೆದ ತಳಿವಿಜ್ಞಾನಿ ದೊಬ್‌ಜಾನ್‌ಸ್ಕಿ ದೈವಭಕ್ತರಾಗಿದ್ದರು. ಜೀವವಿಕಾಸವನ್ನು ಬರಿಯ ಊಹೆ ಎಂದು ತಳ್ಳಿಹಾಕುವಂತಿಲ್ಲ ಎಂಬ ಅರ್ಥದ ಮಾತನ್ನು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. ಒಬ್ಬ ಮನುಷ್ಯ ಗಾಢ ಆಸ್ತಿಕನೂ ವಿಕಾಸವನ್ನು ಒಪ್ಪುವವನೂ ಆಗಿರಬಹುದೆಂಬುದನ್ನು ಅನುಮಾನಿಸುವುದೇ ಅಸಂಗತ ಎಂದು, ತಾನು ಅಜ್ಞೇಯವಾದಿಯಾಗಿದ್ದ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುತ್ತಿದ್ದ, ಡಾರ್ವಿನ್ ಕೂಡ 1879ರ ಪತ್ರವೊಂದರಲ್ಲಿ ತಿಳಿಸಿದ್ದ.

ವಿಚಾರವಾದಿ ಮಿತ್ರರಲ್ಲಿ ನನ್ನದೊಂದು ವಿನಂತಿ ಇದೆ. ಡಾ. ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿ ಬೆಳೆಸಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಿ ಪ್ರಶ್ನೆ ಕೇಳುವುದನ್ನು ಕಲಿತವಳು ನಾನು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ರಚಿಸಿದ ಸಮಿತಿಯ ಹೆಸರನ್ನು ಗಮನಿಸಿ: ಪವಾಡಗಳನ್ನೂ, ಪರಿಶೀಲಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ. 'ಪರಿಶೀಲಿಸಬಹುದಾದ' ಎಂಬ ಒಂದು ಪದದಲ್ಲಿ ವಿಜ್ಞಾನದ ಎಲ್ಲೆಯೂ ಇದೆ, ಘನತೆಯೂ ಇದೆ. ಗಾಳಿಯಿಂದ ಬೂದಿ ತೆಗೆದು ತೋರಿಸುತ್ತೇನೆ ಎನ್ನುವವರನ್ನು ತೋಳು ಮಡಿಸಿ ತೋರಿಸಿ ಎಂದು ಕೇಳಬಹುದು, ಕೇಳಲೇಬೇಕು. ಭೂಮಿಗೆ ಆರು ಸಾವಿರ ವರ್ಷ ಎನ್ನುವವರನ್ನು ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆಯ ಮುಂದೆ ನಿಲ್ಲಿಸಬಹುದು. ಈ ಎಲ್ಲದರ ಆಧಾರವಾಗಿ ಒಂದು ಚೈತನ್ಯ ಇದೆ ಎನ್ನುವವರ ಮುಂದೆ ಇಡಲು ಯಾವ ಪ್ರಯೋಗವೂ ಇಲ್ಲ. ಜೀವವಿಕಾಸ ಅದನ್ನು ಸುಳ್ಳೆಂದು ಸಾಧಿಸಿದೆ ಎಂದು ನೀವು ಹೇಳಿದಾಗಲೆಲ್ಲ, ಪಾಠವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ ಎನ್ನುವವರ ಕೈ ಬಲವಾಗುತ್ತದೆ.

ಒಂದು ಪೀರಿಯಡ್ಡೂ ಈಗ ಉಳಿದಿಲ್ಲ. ಕೊರೊನಾ ಕಾಲದಲ್ಲಿ ಮಕ್ಕಳ ಹೊರೆ ಇಳಿಸುವ ನೆಪದಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಕೈಬಿಟ್ಟ ಜೀವವಿಕಾಸದ ಭಾಗವನ್ನು ಹತ್ತನೇ ತರಗತಿಯ ಪುಸ್ತಕದಿಂದ ಶಾಶ್ವತವಾಗಿಯೇ ತೆಗೆದಿರುವುದು 2023ರಲ್ಲಿ ಸುದ್ದಿಯಾಯಿತು. 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯ 'ಅನುವಂಶೀಯತೆ' ಎಂದಷ್ಟೇ ಆಗಿದೆ. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಮಾಡಿ ಇದನ್ನು ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಇದೆಯಲ್ಲ ಎನ್ನುತ್ತಾರೆ. ವಾಣಿಜ್ಯ, ಕಲೆ, ಐಟಿಐ ಕಡೆಗೆ ಹೋಗುವ ಮಕ್ಕಳಿಗೆ, ಹತ್ತಕ್ಕೇ ಶಾಲೆ ಬಿಡುವ ಮಕ್ಕಳಿಗೆ, ಹನ್ನೆರಡರ ಜೀವಶಾಸ್ತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆ ಅಧ್ಯಾಯ ಹತ್ತನೇ ತರಗತಿಗೆ ಮರಳಬೇಕು.

ಮರಳಿ ಬಂದಾಗ ಅದನ್ನು ಕಲಿಸುವ ಕಿರಿಯ ಸಹೋದ್ಯೋಗಿಗಳು, ಮನೆಯಲ್ಲಿ ದೇವರ ಕೋಣೆಯಿರುವ ಮಕ್ಕಳಿಗೆ ಈ ಪಾಠವನ್ನು ಎಲ್ಲಿಂದ ಶುರುಮಾಡಲಿ ಎಂದು ನನ್ನನ್ನು ಕೇಳುವುದುಂಟು. ನಾನು ಕೊನೆಯ ಕೆಲವು ವರ್ಷ ಶುರುಮಾಡುತ್ತಿದ್ದುದು ಹೀಗೆ. ಸಂಜೆ ಗುಡಿಯಲ್ಲಿ ಗಂಟೆ, ಜಾಗಟೆ ಮೊಳಗಿ ಮಹಾಮಂಗಳಾರತಿಯ ಬೆಳಕು ಮೂರ್ತಿಯ ಮೇಲೆ ಬಿದ್ದಾಗ ನಿಮ್ಮ ಮುಂಗೈ ನೋಡಿಕೊಳ್ಳಿ ಎನ್ನುತ್ತಿದ್ದೆ. ಕೂದಲು ನಿಮಿರಿ ನಿಂತಿರುತ್ತದೆ. ಭಕ್ತಿಶಾಸ್ತ್ರ ಅದನ್ನು ರೋಮಾಂಚ ಎಂದು ಕರೆದು ಎಂಟು ಸಾತ್ತ್ವಿಕ ಭಾವಗಳಲ್ಲಿ ಸೇರಿಸಿದೆ. ಪ್ರತಿ ಕೂದಲಿನ ಬುಡದಲ್ಲಿರುವ ಪುಟ್ಟ ಸ್ನಾಯುವೊಂದು ಕುಗ್ಗಿ ಅದನ್ನು ಎಬ್ಬಿಸುತ್ತದೆ. ಚಳಿಯಲ್ಲಿ ಮೈ ಬೆಚ್ಚಗಿಡಲು, ಎದುರಿನವರಿಗೆ ದೊಡ್ಡದಾಗಿ ಕಾಣಲು, ಬೆಕ್ಕು ತನ್ನ ತುಪ್ಪಳ ಎಬ್ಬಿಸುವುದೂ ಅದೇ ಸ್ನಾಯುವಿನಿಂದ. ಮೈತುಂಬ ತುಪ್ಪಳವಿದ್ದ ಪೂರ್ವಜರಿಂದ ನಮಗೆ ಬಂದ ಆ ಸ್ನಾಯು, ತುಪ್ಪಳ ಹೋದ ಮೇಲೂ ಉಳಿದು, ಈಗ ಆರತಿಯ ಮುಂದೆ ಎದ್ದು ನಿಲ್ಲುತ್ತದೆ. ಮಾರನೆಯ ದಿನ ತರಗತಿಗೆ ಬಂದ ಮಕ್ಕಳು ತೋಳು ಮುಂದೆ ಚಾಚಿ, "ಹೌದು ಮಿಸ್, ನೋಡಿದೆ" ಎನ್ನುತ್ತಿದ್ದರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ,
ಬಸವನಗುಡಿ, ಬೆಂಗಳೂರು